ಮಾರ್ಫಿನ್ ಶುರುವಾದ ದಿನವೇ ಹೊಟ್ಟೆಯ ಮದ್ದೂ ಶುರುವಾಗಲಿ

ಕ್ಯಾನ್ಸರ್ ನೋವಿಗೆ ಮಾರ್ಫಿನ್ ಗುಳಿಗೆ ಬರೆಸಿಕೊಂಡು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕಕ್ಕೋ ಪೆರ್ಲಕ್ಕೋ ಮರಳುವ ಮನೆಯವರು, ನೋವು ತಗ್ಗಿದ ನೆಮ್ಮದಿಯಲ್ಲಿ ಮಲಬದ್ಧತೆಯನ್ನು ಮರೆತುಬಿಡುತ್ತಾರೆ. ಮಾರ್ಫಿನ್ ಕರುಳಿನ ನರಗಳ ಮೇಲೂ ಕೆಲಸ ಮಾಡಿ ಅದರ ಚಲನೆಯನ್ನು ನಿಧಾನಗೊಳಿಸುವುದರಿಂದ, ಮಲ ಒಳಗೇ ಹೆಚ್ಚು ಹೊತ್ತು ನಿಂತು, ನೀರಿನಂಶವೆಲ್ಲ ಹೀರಿಹೋಗಿ ಗಟ್ಟಿಯಾಗುತ್ತದೆ. ವಾಕರಿಕೆ, ಮಂಪರು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಒಗ್ಗಿಹೋಗುತ್ತವೆ. ಮಲಬದ್ಧತೆ ಹಾಗೆ ಒಗ್ಗುವುದಿಲ್ಲ. ಮಾರ್ಫಿನ್‌ನದೇ ಗುಂಪಿನ ನೋವಿನ ಮದ್ದುಗಳಾದ ಟ್ರಮಡಾಲ್, ಕೊಡೀನ್ ತೆಗೆದುಕೊಳ್ಳುವವರಿಗೂ ಈ ಮಾತು ಅನ್ವಯಿಸುತ್ತದೆ.

ಆದ್ದರಿಂದ ಮಾರ್ಫಿನ್ ಬರೆಸುವಾಗಲೇ ಮಲ ಸಡಿಲಿಸುವ ಮದ್ದನ್ನೂ ಕೇಳಿ ಬರೆಸಿಕೊಳ್ಳಿ. ಸಾಮಾನ್ಯವಾಗಿ ವೈದ್ಯರು ಕೊಡುವುದು ಕರುಳನ್ನು ಚುರುಕುಗೊಳಿಸುವ ಬಿಸಾಕೊಡಿಲ್. 5 ಮಿಲಿಗ್ರಾಂನ ಒಂದೋ ಎರಡೋ ಗುಳಿಗೆಯನ್ನು ರಾತ್ರಿ ನುಂಗಿದರೆ 6ರಿಂದ 12 ಗಂಟೆಗಳಲ್ಲಿ, ಅಂದರೆ ಬೆಳಗ್ಗೆ, ಅದರ ಫಲ ಕಾಣುತ್ತದೆ. ಈ ಗುಳಿಗೆ ಜಠರದಲ್ಲಿ ಕರಗದೆ ಕರುಳಿಗೆ ತಲುಪಲೆಂದೇ ಅದಕ್ಕೆ ಹೊದಿಕೆ ಇರುತ್ತದೆ. ಹಾಗಾಗಿ ಪುಡಿ ಮಾಡಬಾರದು, ಹಾಲಿಗೂ ಅದಕ್ಕೂ ಒಂದು ಗಂಟೆಯಾದರೂ ಅಂತರವಿರಬೇಕು. ಮಲ ಗಟ್ಟಿಯಾಗಿಯೇ ಇದ್ದರೆ ಕರುಳಿನಲ್ಲಿ ನೀರು ಹಿಡಿದಿಡುವ ಪಾಲಿಇಥಿಲೀನ್ ಗ್ಲೈಕಾಲ್ ಪುಡಿಯನ್ನೋ ಲ್ಯಾಕ್ಟುಲೋಸ್ ಸಿರಪ್ಪನ್ನೋ ಸೇರಿಸುತ್ತಾರೆ. ಲ್ಯಾಕ್ಟುಲೋಸ್ ಕೆಲಸ ಮಾಡಲು ಒಂದೆರಡು ದಿನ ಬೇಕು. ಅದರಿಂದ ಹೊಟ್ಟೆ ಉಬ್ಬರಿಸುವುದೂ ಉಂಟು.

ಬಸಳೆ, ಬಾಳೆಹಣ್ಣು, ತೆಳ್ಳನೆಯ ಗಂಜಿ ಒಳ್ಳೆಯದೇ, ಆದರೆ ಅವುಗಳಿಂದಲೇ ಸರಿಹೋದೀತೆಂದು ಕಾಯುವುದು ರೋಗಿಗೆ ಮಾಡುವ ಅನ್ಯಾಯ. ಇಸಬ್‌ಗೋಲನ್ನು ಮಾತ್ರ ವೈದ್ಯರನ್ನು ಕೇಳದೆ ಕೊಡಬೇಡಿ. ಸಾಕಷ್ಟು ನೀರು ಕುಡಿಯಲಾಗದವರಲ್ಲಿ ಅದು ಮಂದವಾದ ಕರುಳಿನಲ್ಲಿ ಉಂಡೆಗಟ್ಟಿ ತಡೆಯೊಡ್ಡಬಹುದು.

ಮೂರು ದಿನ ಮಲ ಹೋಗದಿದ್ದರೆ ಪಾಲಿಯೇಟಿವ್ (ನೋವು ತಗ್ಗಿಸುವ ಆರೈಕೆಯ) ನರ್ಸ್‌ಗೆ ತಿಳಿಸಬೇಕು. ಗುದದ್ವಾರದಿಂದ ಕೊಡುವ ಗುಳಿಗೆಯೋ ಎನಿಮಾವೋ ಬೇಕಾಗಬಹುದು. ಅಷ್ಟು ದಿನ ಕಟ್ಟಿದ್ದ ಹೊಟ್ಟೆಯಿಂದ ಒಮ್ಮೆಲೇ ನೀರು ನೀರಾಗಿ ಸ್ವಲ್ಪ ಸ್ವಲ್ಪವೇ ಸೋರತೊಡಗಿದರೆ, ಅದು ಭೇದಿಯೆಂದು ಭೇದಿ ನಿಲ್ಲಿಸುವ ಗುಳಿಗೆ ಕೊಟ್ಟೀರಿ, ಜೋಕೆ: ಗಟ್ಟಿ ಮಲದ ಪಕ್ಕದಿಂದ ಜಿನುಗುವ ದ್ರವವೂ ಹಾಗೆಯೇ ಕಾಣುತ್ತದೆ. ವಾಂತಿ, ಊದಿದ ಹೊಟ್ಟೆ, ವಾಯುವೂ ಹೋಗದಿರುವುದು, ತೀವ್ರ ಹೊಟ್ಟೆನೋವು ಕಂಡರೆ ಮಲ ಸಡಿಲಿಸುವ ಮದ್ದು ಕೊಡದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮಾರ್ಫಿನನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಇಷ್ಟಕ್ಕೂ ಬಗ್ಗದಿದ್ದರೆ, ನೋವಿನ ಉಪಶಮನಕ್ಕೆ ಧಕ್ಕೆ ತರದೆ ಕರುಳಿನಲ್ಲಿ ಮಾತ್ರ ಮಾರ್ಫಿನ್‌ನ ಪರಿಣಾಮವನ್ನು ತಡೆಯುವ ಮೀಥೈಲ್‌ನಾಲ್ಟ್ರೆಕ್ಸೋನ್‌ನಂತಹ ಮದ್ದುಗಳಿವೆ. ಇದಕ್ಕೆ ಅಮೆರಿಕದಲ್ಲಿ 2008ರಲ್ಲಿ ಅನುಮತಿ ದೊರೆಯಿತು. ಇವನ್ನು ಕೊಡುವ ಮುನ್ನ ಕರುಳಿನಲ್ಲಿ ತಡೆಯಿಲ್ಲವೆಂದು ವೈದ್ಯರು ಖಚಿತಪಡಿಸಿಕೊಳ್ಳಬೇಕು.

ಹಾಸಿಗೆಯ ಬಳಿ ಒಂದು ನೋಟ್‌ಬುಕ್ ಇಟ್ಟು, ಮಲ ಹೋದ ದಿನಾಂಕವನ್ನೂ ಕೊಟ್ಟ ಗುಳಿಗೆಗಳ ಲೆಕ್ಕವನ್ನೂ ಬರೆಯುತ್ತಾ ಹೋಗಿ. ಮನೆಗೆ ಬರುವ ನರ್ಸ್‌ಗೆ ಕನ್ನಡ ಓದಲು ಬಾರದಿದ್ದರೂ ಆ ಅಂಕಿಗಳನ್ನು ನೋಡಿಯೇ ಮದ್ದು ಸಾಲುತ್ತಿದೆಯೇ ಎಂದು ತಿಳಿದು ವೈದ್ಯರಿಗೆ ಹೇಳಬಲ್ಲರು.