‘ಇಲ್ಲ’ ಎನ್ನುವ ತಲೆ

ಮೈಸೂರಿನಲ್ಲಿ ಸ್ಪೀಚ್ ಥೆರಪಿ ಓದಿ, ಮದುವೆಯಾಗಿ ಉತ್ತರ ಇಟಲಿಯ ಲೊಂಬಾರ್ದಿಗೆ ಬಂದವಳು ನಾನು. 2005ರಲ್ಲಿ ನಾನು ಕೆಲಸಕ್ಕಿದ್ದ ವಾರ್ಡಿನ ತುಂಬ ತಲೆಗೆ ಪೆಟ್ಟು ಬಿದ್ದವರು, ಮೆದುಳಿನಲ್ಲಿ ರಕ್ತಸ್ರಾವವಾದವರು. ಕಣ್ಣು ಬಿಡುತ್ತಾರೆ, ಕರೆದರೆ ಓಗೊಡುವುದಿಲ್ಲ. ಒಳಗೆ ಅರಿವಿದೆಯೋ ಇಲ್ಲವೋ ನೋಡಲು ಅಮೆರಿಕದ ಜೋಸೆಫ್ ಜಿಯಾಸಿನೊ ತಂಡ 2004ರಲ್ಲಿ ಪರಿಷ್ಕರಿಸಿದ ಕೋಮಾ ರಿಕವರಿ ಸ್ಕೇಲ್ ನಮ್ಮ ಕೈಗೆ ಬಂದಿತ್ತು, ಇಂಗ್ಲಿಷಿನಲ್ಲಿ. ವಾರ್ಡಿನ ಬಳಕೆಗೆ ಅದನ್ನು ಇಟಾಲಿಯನ್ನಿಗೆ ತರಲು ನಾಲ್ವರು ಕೂತೆವು.

ಕೇಳುವುದು, ನೋಡುವುದು, ಕೈಕಾಲಿನ ಚಲನೆ, ಬಾಯಿ ಮತ್ತು ಮಾತು, ಸಂವಹನ, ಎಚ್ಚರ ಎಂದು ಆರು ಭಾಗ, ಒಟ್ಟು 23 ಅಂಕ. ಒಟ್ಟು ಅಂಕಕ್ಕಿಂತ ಯಾವ ಭಾಗದಲ್ಲಿ ಎಷ್ಟು ಬಂತು ಅನ್ನುವುದೇ ಮುಖ್ಯ. ಇಬ್ಬರು ಬೇರೆಬೇರೆಯಾಗಿ ಅನುವಾದಿಸಿದರು, ಎರಡನ್ನೂ ಕೂಡಿಸಿ ಒಂದು ಮಾಡಿದೆವು, ಮೂಲ ನೋಡದ ಒಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿದೆವು. ಕಾಗದದ ಮೇಲೆ ಎಲ್ಲ ಸರಿಹೋಯಿತು. ಎಡವಿದ್ದು ಹಾಸಿಗೆಯ ಪಕ್ಕದಲ್ಲಿ.

ಮೊದಲ ಜಗಳ ಏಕವಚನ ಬಹುವಚನದ್ದು. ‘ಬಾಯಿ ತೆರೆ’ ಅಂದರೆ ‘ಆಪ್ರಿ’, ‘ತೆರೆಯಿರಿ’ ಅಂದರೆ ‘ಆಪ್ರಾ’. ‘ನೋಡು’ಗೆ ಬಂದರೆ ಸ್ವರ ಅದಲುಬದಲು: ‘ಗ್ವಾರ್ದಾ’ ಏಕವಚನ, ‘ಗ್ವಾರ್ದಿ’ ಬಹುವಚನ. ನಾನು ಎಷ್ಟು ಸಲ ತಪ್ಪಿದ್ದೇನೋ. ಪ್ರಜ್ಞೆಯಿಲ್ಲದವರನ್ನು ನರ್ಸುಗಳು ಮಕ್ಕಳಂತೆ ಏಕವಚನದಲ್ಲೇ ಮಾತನಾಡಿಸುತ್ತಿದ್ದರು, ನಮ್ಮ ಡಾಕ್ಟರಮ್ಮನಿಗೆ ಅದು ಸುತರಾಂ ಹಿಡಿಸದು. ಕೊನೆಗೆ ಎರಡು ರೂಪವನ್ನೂ ಬರೆದಿಟ್ಟು, ಒಬ್ಬ ರೋಗಿಗೆ ಒಂದೇ ರೂಪ, ಮಧ್ಯೆ ಬದಲಿಸಬಾರದು ಎಂದು ಗೆರೆ ಎಳೆದೆವು.

ಎರಡನೆಯದು ಯಾರೂ ಎಣಿಸಿರದ ತೊಡಕು. ಸಂವಹನದ ಭಾಗದಲ್ಲಿ ಆರು ಪ್ರಶ್ನೆ. ‘ನಾನೀಗ ನನ್ನ ಕಿವಿ ಮುಟ್ಟುತ್ತಿದ್ದೇನಾ?’ ಎಂಬಂಥವು. ಇಂಗ್ಲಿಷಿನಲ್ಲಿ ಪದಗಳ ಜಾಗ ಬದಲಾದರೆ ಪ್ರಶ್ನೆ, ಕನ್ನಡದಲ್ಲಿ ಕೊನೆಗೊಂದು ‘ಆ’ ಸಾಕು. ಇಟಾಲಿಯನ್ನಿನಲ್ಲಿ ಎರಡೂ ಇಲ್ಲ. ‘ಮಿ ಸ್ತೊ ತೊಕ್ಕಾಂದೊ ಲೊರೆಕ್ಯೊ’ ಅಂದರೆ ‘ಕಿವಿ ಮುಟ್ಟುತ್ತಿದ್ದೇನೆ’ ಎಂದೂ ಆಯಿತು, ‘ಮುಟ್ಟುತ್ತಿದ್ದೇನಾ’ ಎಂದೂ ಆಯಿತು. ದನಿ ಏರಿದರೆ ಮಾತ್ರ ಪ್ರಶ್ನೆ. ಮೆದುಳಿಗೆ ಪೆಟ್ಟಾದವರಿಗೆ ಆ ಏರಿಳಿತ ತಿಳಿಯದೆ ಹೋಗಬಹುದು. ‘ಒಂದು ಪ್ರಶ್ನೆ ಕೇಳುತ್ತೇನೆ’ ಎಂದು ಪ್ರತಿಸಲವೂ ಸೇರಿಸೋಣ ಅಂದೆ. ಮೂಲದಲ್ಲಿಲ್ಲದ ಮಾತು ಬೇಡ ಎಂದು ಸಹೋದ್ಯೋಗಿಯೊಬ್ಬರು ಪಟ್ಟು ಹಿಡಿದರು. ಅವರದ್ದೇ ಸರಿ ಅನ್ನಿಸುತ್ತೆ ಈಗ. ಆರು ಪ್ರಶ್ನೆಗೂ ಮುಂಚೆ ಒಂದೇ ಒಂದು ಸಲ ಹೇಳುವುದೆಂದು ರಾಜಿಯಾದೆವು.

ಹೀಗೆ ಪ್ರಶ್ನೆಯ ಕಡೆಗೇ ನೋಡುತ್ತ ಉತ್ತರದ ಕಡೆ ಯಾರೂ ನೋಡಿರಲಿಲ್ಲ. ಸಿಸಿಲಿಯಿಂದ ಬಂದು ಮಗಳ ಮನೆಯಲ್ಲಿದ್ದ ವಯಸ್ಸಾದ ಹೆಂಗಸೊಬ್ಬರನ್ನು ನಾನೂ ಇನ್ನೊಬ್ಬರೂ ಬೇರೆಬೇರೆಯಾಗಿ ಪರೀಕ್ಷಿಸಿ, ಇಬ್ಬರೂ ಸಂವಹನಕ್ಕೆ ಸೊನ್ನೆ ಹಾಕಿದೆವು. ಆಗಾಗ ಗದ್ದ ಮೇಲೆತ್ತಿ ತಲೆಯನ್ನು ಹಿಂದಕ್ಕೆ ಎಸೆಯುತ್ತಿದ್ದರು. ಕತ್ತಿನ ಸೆಳೆತ ಇರಬೇಕೆಂದು ಷರಾ ಬರೆದದ್ದು ನಾನೇ. ಬಾಗಿಲಲ್ಲಿ ನಿಂತಿದ್ದ ಮಗಳು, “ಅಮ್ಮ ಇಲ್ಲ ಅಂತಿದಾರಲ್ಲ, ಕಾಣಿಸ್ತಿಲ್ವಾ ನಿಮಗೆ?” ಅಂದಳು. ದಕ್ಷಿಣ ಇಟಲಿಯಲ್ಲಿ ‘ಇಲ್ಲ’ ಅನ್ನುವುದು ಹಾಗೇ ಅಂತೆ. ನಮ್ಮ ಉತ್ತರದವರ ತಲೆ ಮಾತ್ರ ಅಡ್ಡಡ್ಡ ಆಡುತ್ತದೆ. ತಲೆ ಓಲಾಡಿಸಿ ‘ಆಯ್ತು’ ಅನ್ನುವ ನಾನು ಬಂದ ಹೊಸತರಲ್ಲಿ, ಇವಳು ಎಲ್ಲದಕ್ಕೂ ಒಲ್ಲೆ ಅನ್ನುತ್ತಾಳೆ ಎಂದು ಹೆಸರು ಪಡೆದವಳು. ನನಗಾದರೂ ಹೊಳೆಯಬೇಕಿತ್ತು.

ಮರುದಿನ ಮತ್ತೆ ಮಾಡಿದೆವು. ಆರರಲ್ಲಿ ಮೂರು ಸಲ, ಹತ್ತು ಸೆಕೆಂಡಿನೊಳಗೆ, ಅದೇ ತಲೆ. ಒಂದು ಅಂಕಕ್ಕೆ ಎರಡು ಸಲ ಸಾಕು, ಉತ್ತರ ತಪ್ಪಿದ್ದರೂ ನಡೆಯುತ್ತದೆ. ಆ ಒಂದು ಅಂಕಕ್ಕೆ ವೆಜಿಟೇಟಿವ್ ಸ್ಥಿತಿ, ಅಂದರೆ ಕಣ್ಣು ತೆರೆದಿದ್ದರೂ ಒಳಗೆ ಅರಿವಿಲ್ಲ, ಎಂಬ ಹಣೆಪಟ್ಟಿ ಹೋಗಿ, ಕನಿಷ್ಠ ಪ್ರಜ್ಞೆಯ ಸ್ಥಿತಿ ಎಂದಾಗುತ್ತದೆ. ಒಂದು ದಿನದ ಅಂಕ ನಂಬುವಂತಿಲ್ಲವಾದ್ದರಿಂದ ಆ ವಾರವಿಡೀ ಪರೀಕ್ಷೆ ಮುಂದುವರಿಸಿದೆವು. ಎರಡು ದಿನ ಏನೂ ಇರಲಿಲ್ಲ, ಮಿಕ್ಕ ದಿನ ಇತ್ತು.

2007ರಲ್ಲಿ ಬೇರೊಂದು ತಂಡದ ಇಟಾಲಿಯನ್ ಆವೃತ್ತಿ ಪ್ರಕಟವಾಯಿತು, 2011ರಲ್ಲಿ ಅದರ ಸಿಂಧುತ್ವದ ಅಧ್ಯಯನವೂ ಬಂತು. ನಮ್ಮ ಕರಡು ಬೀರು ಸೇರಿತು, ಸೇರಬೇಕಾದ್ದೇ. ಅದರಿಂದ ಒಂದು ಸಾಲು ಮಾತ್ರ ಕಿತ್ತು ದಾಖಲಾತಿ ಹಾಳೆಯ ತುದಿಗೆ ಅಂಟಿಸಿದೆವು, ಮನೆಯವರು ತುಂಬಲೆಂದು: ಇವರು ಹೌದು ಅನ್ನುವುದು ಹೇಗೆ, ಇಲ್ಲ ಅನ್ನುವುದು ಹೇಗೆ, ಮಾಡಿ ತೋರಿಸಿ.