ಹಳೆಯ ಐಪಾಡ್‌ಗೆ ಹೊಸ ಮೆಮೊರಿ, ಹೊಸ ಬ್ಯಾಟರಿ

ಮೇಜಿನ ಡ್ರಾಯರ್‌ನಲ್ಲಿ ಸುಮ್ನೆ ಬಿದ್ದಿರುವ ಐಪಾಡ್ ಇದೆಯಾ? 2005ರಲ್ಲಿ ಬಂದ ಐದನೇ ತಲೆಮಾರಿನ ‘ವಿಡಿಯೊ’ ಐಪಾಡ್ ಆಗಿದ್ದರೆ ಖಂಡಿತ ಎಸೆಯಬೇಡಿ. ಅದರಲ್ಲಿ ಹೆಚ್ಚಾಗಿ ಕೈಕೊಡುವುದು ಎರಡೇ: ಒಳಗೆ ತಿರುಗುವ 1.8 ಇಂಚಿನ ಹಾರ್ಡ್ ಡಿಸ್ಕ್ ಮತ್ತು ಬ್ಯಾಟರಿ. ಎರಡನ್ನೂ ಮನೆಯಲ್ಲೇ ಬದಲಿಸಬಹುದು. ಬೆಸುಗೆ ಹಾಕುವ ಕೆಲಸವೇ ಇಲ್ಲ.

ಡಿಸ್ಕ್ ಇನ್ನೂ ಓಡುತ್ತಿದ್ದರೆ ಮೊದಲು ಹಾಡುಗಳನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ. ಅವು ಐಪಾಡ್ ಕಂಟ್ರೋಲ್ ಎಂಬ ಮರೆಯಾಗಿರುವ ಫೋಲ್ಡರ್‌ನಲ್ಲಿರುತ್ತವೆ. ಫೈಲಿನ ಹೆಸರು ಅರ್ಥವಿಲ್ಲದ ನಾಲ್ಕು ಅಕ್ಷರವಾಗಿ ಕಂಡರೆ ಗಾಬರಿ ಬೇಡ. ಹಾಡಿನ ಹೆಸರು, ಗಾಯಕರ ಹೆಸರು ಫೈಲಿನ ಒಳಗೇ ಇರುತ್ತವೆ.

ಡಿಸ್ಕ್ ಜಾಗಕ್ಕೆ ಕೂರುವ ಎಸ್‌ಡಿ ಕಾರ್ಡ್ ಅಡಾಪ್ಟರ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಬ್ಯಾಟರಿ ಕೊಳ್ಳುವಾಗ ಮಾದರಿ ನೋಡಿ: 30 ಜಿಬಿಯದು ತೆಳು ಬೆನ್ನು, 60 ಮತ್ತು 80 ಜಿಬಿಯವು ದಪ್ಪ ಬೆನ್ನು. ಕಾರ್ಡ್ ಎಷ್ಟು ದೊಡ್ಡದಿರಬೇಕು? 30 ಜಿಬಿ ಮಾದರಿಯ ತಾತ್ಕಾಲಿಕ ಮೆಮೊರಿ, ಅಂದರೆ ರ‍್ಯಾಮ್ 32 ಎಂಬಿ ಮಾತ್ರ. ಹಾಡುಗಳ ಸಂಖ್ಯೆ ಸುಮಾರು 20 ಸಾವಿರ ದಾಟಿದರೆ ಅದು ಒದ್ದಾಡುತ್ತದೆ. ನನ್ನ ಪ್ರಕಾರ 128 ಜಿಬಿ ಧಾರಾಳವಾಯ್ತು. ನಕಲಿ ಕಾರ್ಡ್‌ಗಳು ಜಾಸ್ತಿ. ಹಾಕುವ ಮೊದಲು ಕಂಪ್ಯೂಟರ್‌ನಲ್ಲಿ ಪೂರ್ತಿ ತುಂಬಿಸಿ, ಮತ್ತೆ ಓದಿಸಿ ಪರೀಕ್ಷಿಸಿ.

ಈಗ ತೆರೆಯುವುದು. ಐಪಾಡ್ ಆಫ್ ಮಾಡಿ, ಬೇರೆ ಗುಂಡಿಗಳು ಕೆಲಸ ಮಾಡದಂತೆ ತಡೆಯುವ ಹೋಲ್ಡ್ ಗುಂಡಿ ಸರಿಸಿ. ಮುಂಭಾಗದ ಪ್ಲಾಸ್ಟಿಕ್ ಮತ್ತು ಲೋಹದ ಬೆನ್ನಿನ ನಡುವಿನ ಸಂದಿಗೆ ಪ್ಲಾಸ್ಟಿಕ್ ಪಟ್ಟಿ ತೂರಿಸಿ, ಒಂದೊಂದೇ ಕ್ಲಿಪ್ ಬಿಡಿಸುತ್ತಾ ಹೋಗಿ. ಸ್ಕ್ರೂಡ್ರೈವರ್ ಬೇಡ, ಲೋಹಕ್ಕೆ ಗೀರು ಬೀಳುತ್ತದೆ.

ಕ್ಲಿಪ್ ಬಿಟ್ಟ ಖುಷಿಗೆ ಎರಡು ಭಾಗಗಳನ್ನು ಎಳೆದುಬಿಡಬೇಡಿ. ನಾನು ಮೊದಲ ಸಲ ಹಾಗೆ ಎಳೆದು, ಹೆಡ್‌ಫೋನ್ ಜ್ಯಾಕಿನ ಕೇಬಲ್ ಹರಿದಿತ್ತು. ಬೆನ್ನನ್ನೂ ಬೋರ್ಡನ್ನೂ ಎರಡು ತೆಳು ರಿಬ್ಬನ್ ಕೇಬಲ್‌ಗಳು ಜೋಡಿಸಿರುತ್ತವೆ: ಒಂದು ಬ್ಯಾಟರಿಯದು, ಇನ್ನೊಂದು ಹೆಡ್‌ಫೋನಿನದು. ಸ್ವಲ್ಪವೇ ತೆರೆದು, ಬ್ಯಾಟರಿ ಕೇಬಲ್ ಹಿಡಿದಿರುವ ಪುಟ್ಟ ಲಾಕನ್ನು ಉಗುರಿನಿಂದ ಮೇಲೆತ್ತಿ. ಅದು ಎರಡು ಮಿಲಿಮೀಟರ್‌ನಷ್ಟು ಎದ್ದರೆ ಸಾಕು, ಕೇಬಲ್ ತಾನೇ ಜಾರಿ ಬರುತ್ತದೆ. ಆಮೇಲೆ ಪುಸ್ತಕದಂತೆ ಬಿಡಿಸಿಟ್ಟು, ಫೋನಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ.

ಹಾರ್ಡ್ ಡಿಸ್ಕ್ ಕೇಬಲಿನ ಕಪ್ಪು ಲಾಕ್ ನೇರ ನಿಲ್ಲುವಂತೆ ಎತ್ತಿದರೆ ಡಿಸ್ಕ್ ಕೈಗೆ ಬರುತ್ತದೆ. ಕಾರ್ಡ್ ಹಾಕಿದ ಅಡಾಪ್ಟರನ್ನು ಅದೇ ಕೇಬಲಿಗೆ ಸಿಕ್ಕಿಸಿ, ಲಾಕ್ ಒತ್ತಿ. ಕೇಬಲ್ ನೇರ ಕೂತಿದೆಯಾ, ಎರಡು ಸಲ ನೋಡಿ. ಹಳೆಯ ಬ್ಯಾಟರಿ ಬೆನ್ನಿಗೆ ಅಂಟಿರುತ್ತದೆ. ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ನಿಧಾನ ಎಬ್ಬಿಸಿ. ಪಕ್ಕದ ಹೆಡ್‌ಫೋನ್ ಕೇಬಲಿಗೆ ಪೆಟ್ಟಾಗಬಾರದು. ಅದೇ ಜಾಗಕ್ಕೆ ಹೊಸ ಬ್ಯಾಟರಿ ಕೂರಿಸಿ, ಅದರ ಕೇಬಲ್ ಸಿಕ್ಕಿಸಿ, ಲಾಕ್ ಒತ್ತಿ. ಹಳೆಯ ಬ್ಯಾಟರಿ ಉಬ್ಬಿದ್ದರೆ ಚುಚ್ಚುವುದು, ಮಡಿಸುವುದು ಬೇಡವೇ ಬೇಡ, ಬೆಂಕಿ ಹತ್ತಬಹುದು.

ಡಿಸ್ಕ್ ಹೋದ ಖಾಲಿ ಜಾಗಕ್ಕೆ ತೆಳು ಫೋಮ್ ಇಡಿ. ಇಲ್ಲದಿದ್ದರೆ ಅಡಾಪ್ಟರ್ ಒಳಗೆ ಅಲ್ಲಾಡುತ್ತದೆ. ಬೆನ್ನು ಮುಚ್ಚುವ ಮೊದಲೇ ಕಂಪ್ಯೂಟರ್‌ಗೆ ಜೋಡಿಸಿ, ಐಟ್ಯೂನ್ಸ್‌ನಲ್ಲಿ ಅಥವಾ ಮ್ಯಾಕ್ ಆದರೆ ಫೈಂಡರ್‌ನಲ್ಲಿ ರಿಸ್ಟೋರ್ ಕೊಡಿ, ಅಂದರೆ ಐಪಾಡಿನ ಸಾಫ್ಟ್‌ವೇರನ್ನು ಹೊಸದಾಗಿ ಹಾಕಿಸಿ. ಕಂಪ್ಯೂಟರ್‌ಗೆ ಐಪಾಡಿನ ಗುರುತು ಸಿಗದಿದ್ದರೆ ಹೋಲ್ಡ್ ತೆಗೆದು, ಮೆನು ಮತ್ತು ನಡುಗುಂಡಿ ಒಟ್ಟಿಗೆ ಒತ್ತಿಹಿಡಿಯಿರಿ. ಸೇಬಿನ ಗುರುತು ಬಂದ ಕೂಡಲೇ ನಡುಗುಂಡಿ ಮತ್ತು ಪ್ಲೇ ಒತ್ತಿದರೆ ಡಿಸ್ಕ್ ಮೋಡ್‌ಗೆ ಹೋಗುತ್ತದೆ, ಅಂದರೆ ಕಂಪ್ಯೂಟರ್‌ಗೆ ಹೊರಗಿನ ಡಿಸ್ಕ್‌ನಂತೆ ಕಾಣುತ್ತದೆ. ಒಂದು ಹಾಡು ಹಾಕಿ, ಹೆಡ್‌ಫೋನಿನ ಎರಡೂ ಕಿವಿಗೆ ಕೇಳುತ್ತದೆಯಾ ನೋಡಿ, ಆಮೇಲೆ ಬೆನ್ನು ಒತ್ತಿ ಮುಚ್ಚಿ. ಹಳೆಯ ಬ್ಯಾಟರಿಯನ್ನು ಮನೆ ಕಸಕ್ಕೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.