ಎಣ್ಣೆ ಪ್ಯಾಕೆಟ್ಟಿನ ಮೇಲೆ ಬರೆದ ತಾರೀಕು: ನಾಲ್ಕು ಕ್ಯಾಲೊರಿ ಆ್ಯಪ್‌ಗಳು, ನನ್ನ ಹತ್ತು ತಿಂಗಳು

ಸುಮಾರು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.1 ಎಂದು ವರದಿ ಬಂದಾಗ ನನಗೆ 44 ವರ್ಷ, ಎತ್ತರ 158 ಸೆಂಟಿಮೀಟರ್, ತೂಕ 74 ಕಿಲೋ, ಸೊಂಟದ ಸುತ್ತಳತೆ 96 ಸೆಂಟಿಮೀಟರ್. 5.7ರಿಂದ 6.4ರವರೆಗಿನದು ಸಕ್ಕರೆ ಕಾಯಿಲೆಯ ಹೊಸ್ತಿಲು. ಅಪ್ಪನ ಕಾಲಿನ ಹುಣ್ಣಿಗೆ ವರ್ಷಗಟ್ಟಲೆ ಪಟ್ಟಿ ಕಟ್ಟಿದವಳು ನಾನು. ಆ ಹೊಸ್ತಿಲನ್ನು ದಾಟಲು ನನಗೆ ಮನಸ್ಸಿರಲಿಲ್ಲ.

ಹಾಸನದ ಒಂದು ಸಹಕಾರಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಹಾಗಾಗಿ ಊಟವನ್ನೂ ಲೆಕ್ಕವಿಟ್ಟು ನೋಡೋಣ ಎಂದು ಹೊರಟೆ. ಮೊಬೈಲ್‌ಗೆ ಒಟ್ಟಿಗೇ ನಾಲ್ಕು ಆ್ಯಪ್ ಹಾಕಿಕೊಂಡೆ: ಹೆಲ್ದಿಫೈಮಿ, ಮೈಫಿಟ್‌ನೆಸ್‌ಪ್ಯಾಲ್, ಕ್ರೊನೊಮೀಟರ್, ಫ್ಯಾಟ್‌ಸೀಕ್ರೆಟ್. ಎರಡು ವಾರ ಪ್ರತಿಯೊಂದು ಊಟವನ್ನೂ ನಾಲ್ಕರಲ್ಲೂ ಬರೆದೆ. ಬೇಸರದ ಕೆಲಸ ನಿಜ, ಆದರೆ ಯಾವುದನ್ನು ಎಷ್ಟು ನಂಬಬೇಕೆಂದು ತಿಳಿಯಲು ಬೇರೆ ದಾರಿ ಕಾಣಲಿಲ್ಲ.

ಮೊದಲ ದಿನವೇ ಗುರಿಯ ಅಂಕಿಗಳು ಹೊಂದಲಿಲ್ಲ. ಒಂದು ಆ್ಯಪ್ ನನ್ನ ದೇಹ ದಿನಕ್ಕೆ ಸುಮಾರು 1,616 ಕ್ಯಾಲೊರಿ ಖರ್ಚು ಮಾಡುತ್ತದೆ ಎಂದಿತು, ಇನ್ನೊಂದು 1,851 ಎಂದಿತು. ಕೂತು ಲೆಕ್ಕ ಹಾಕಿದಾಗ ಕಾರಣ ಸಿಕ್ಕಿತು. ಇಂಥ ಆ್ಯಪ್‌ಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು 1990ರ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರ. ತೂಕವನ್ನು 10ರಿಂದ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಬೇಕು. ಅದರಿಂದ ವಯಸ್ಸಿನ ಐದರಷ್ಟನ್ನು, ಹೆಂಗಸರಾದರೆ ಇನ್ನೊಂದು 161ನ್ನು ಕಳೆಯಬೇಕು. ನನಗೆ ಬಂದದ್ದು 1,346. ಏನೂ ಕೆಲಸ ಮಾಡದೆ ಮಲಗಿದ್ದರೂ ದೇಹಕ್ಕೆ ಬೇಕಾದಷ್ಟು ಅದು. ‘ಕೂತು ಕೆಲಸ’ ಎಂದು ಆರಿಸಿಕೊಂಡರೆ ಅದನ್ನು 1.2ರಿಂದ, ‘ಸ್ವಲ್ಪ ಓಡಾಟ’ ಎಂದರೆ 1.375ರಿಂದ ಗುಣಿಸುತ್ತಾರೆ. ಒಂದು ಕಡೆ ಮೊದಲನೆಯದನ್ನೂ ಇನ್ನೊಂದು ಕಡೆ ಎರಡನೆಯದನ್ನೂ ಒತ್ತಿದವಳು ನಾನೇ. ಬ್ಯಾಂಕಿನಲ್ಲಿ ಕೂರುತ್ತೇನೆ, ಸಂಜೆ ಮಹಾರಾಜ ಪಾರ್ಕಿನಲ್ಲಿ ಮುಕ್ಕಾಲು ಗಂಟೆ ನಡೆಯುತ್ತೇನೆ. ನಾನು ಯಾವ ಗುಂಪಿನವಳು? ಒಂದೇ ಒತ್ತಿನಿಂದ 235 ಕ್ಯಾಲೊರಿ ವ್ಯತ್ಯಾಸ. ಇದರ ಮೇಲೆ ನಡಿಗೆಯನ್ನು ಬೇರೆಯಾಗಿ ಬರೆದರೆ ಕೆಲವು ಆ್ಯಪ್‌ಗಳು ಅಷ್ಟು ಕ್ಯಾಲೊರಿಯನ್ನು ಆ ದಿನದ ಪಾಲಿಗೆ ಮತ್ತೆ ಸೇರಿಸುತ್ತವೆ. ‘ಸ್ವಲ್ಪ ಓಡಾಟ’ ಎಂದು ಹೇಳಿಯೂ ನಡಿಗೆ ಬರೆದರೆ ಒಂದೇ ನಡಿಗೆಗೆ ಎರಡು ಸಲ ಜಮೆ! ನಾನು ‘ಕೂತು ಕೆಲಸ’ ಎಂದು ಇಟ್ಟುಕೊಂಡು ನಡಿಗೆ ಬರೆಯುವುದನ್ನೇ ಬಿಟ್ಟೆ.

ಮುಂದಿನ ತೊಡಕು ಮುದ್ದೆಯದು. ನಮ್ಮ ಮನೆಯಲ್ಲಿ ರಾತ್ರಿ ಮುದ್ದೆ ಇಲ್ಲದ ದಿನವಿಲ್ಲ. ಒಂದು ಆ್ಯಪ್‌ನಲ್ಲಿ ‘ರಾಗಿ ಮುದ್ದೆ, ಒಂದು’ ಎಂದು ಹುಡುಕಿದರೆ 110, 210, 390 ಎಂದು ಮೂರು ಉತ್ತರ ಬಂದವು. ಬಳಕೆದಾರರೇ ತುಂಬಿದ ಪಟ್ಟಿಗಳಲ್ಲಿ ಹೀಗಾಗುತ್ತದೆ. ಒಬ್ಬರ ಮುದ್ದೆ ನಿಂಬೆಹಣ್ಣಿನಷ್ಟು, ಇನ್ನೊಬ್ಬರದು ತೆಂಗಿನಕಾಯಿಯಷ್ಟು. ಅಳತೆಯಿಲ್ಲದ ಮುದ್ದೆಗೆ ಯಾವ ಅಂಕಿ ಬರೆದರೂ ಅದು ಊಹೆಯೇ.

ಐನೂರು ರೂಪಾಯಿಯೊಳಗೆ ಒಂದು ಅಡುಗೆ ತಕ್ಕಡಿ ಕೊಂಡೆ. 400 ಗ್ರಾಂ ಹಿಟ್ಟು ಹಾಕಿ ತೊಳಸಿ, ಮುದ್ದೆ ಕಟ್ಟುವ ಮೊದಲು ಪಾತ್ರೆಯ ತೂಕ ಕಳೆದು ತೂಗಿದೆ: 1,250 ಗ್ರಾಂ. ನನ್ನ ತಟ್ಟೆಯ ಮುದ್ದೆ 240 ಗ್ರಾಂ. ಅಂದರೆ ನಾನು ತಿನ್ನುತ್ತಿದ್ದ ಹಿಟ್ಟು 77 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಭಾರತದ 528 ಆಹಾರ ಪದಾರ್ಥಗಳನ್ನು ಪರೀಕ್ಷಿಸಿ ಹೊರತಂದ ಕೋಷ್ಟಕಗಳಿವೆ. ಅದರಲ್ಲಿ ಶಕ್ತಿಯನ್ನು ಕಿಲೋಜೂಲ್‌ಗಳಲ್ಲಿ ಕೊಟ್ಟಿದ್ದಾರೆ, 4.184ರಿಂದ ಭಾಗಿಸಿಕೊಳ್ಳಬೇಕು. ರಾಗಿಗೆ 100 ಗ್ರಾಮಿಗೆ ಸುಮಾರು 320 ಕ್ಯಾಲೊರಿ. ಹಾಗಾದರೆ ನನ್ನ ಮುದ್ದೆ 246. ಆ್ಯಪ್ ಕೊಟ್ಟ ಮೂರು ಉತ್ತರಗಳಲ್ಲಿ ಒಂದೂ ನನ್ನದಾಗಿರಲಿಲ್ಲ.

ಆ ದಿನದಿಂದ ಆ್ಯಪ್‌ಗಳನ್ನು ನೋಡುವ ನನ್ನ ದೃಷ್ಟಿಯೇ ಬದಲಾಯಿತು. ಯಾವುದರಲ್ಲಿ ಹೆಚ್ಚು ತಿಂಡಿಗಳ ಹೆಸರಿದೆ ಎನ್ನುವುದಕ್ಕಿಂತ, ನಮ್ಮ ಮನೆಯ ಅಡುಗೆಯನ್ನು ಹಸಿ ಸಾಮಾನಿನ ತೂಕದಿಂದ ಬರೆದು, ಬೆಂದ ಮೇಲಿನ ಒಟ್ಟು ತೂಕ ಕೊಟ್ಟು, ನನ್ನ ಪಾಲನ್ನು ಗ್ರಾಂಗಳಲ್ಲಿ ಬರೆದುಕೊಳ್ಳಲು ಯಾವುದರಲ್ಲಿ ಸುಲಭ ಎಂದು ನೋಡತೊಡಗಿದೆ. ಈ ಕೆಲಸಕ್ಕೆ ನನಗೆ ಒಗ್ಗಿದ್ದು ಕ್ರೊನೊಮೀಟರ್. ಕೆನಡಾದ್ದು, ಪ್ರತಿ ಪದಾರ್ಥದ ಮಾಹಿತಿ ಎಲ್ಲಿಂದ ಬಂತೆಂದು ಪಕ್ಕದಲ್ಲೇ ತೋರಿಸುತ್ತದೆ, ಪ್ರೋಟೀನ್, ಕಬ್ಬಿಣಾಂಶ, ಜೀವಸತ್ವಗಳನ್ನು ಬಿಡಿಸಿ ಕೊಡುತ್ತದೆ. ಬಸ್ಸಾರು, ಉಪ್ಸಾರು ಅದಕ್ಕೆ ಗೊತ್ತಿಲ್ಲ, ನಾವೇ ಕಲಿಸಬೇಕು. ನಮ್ಮ ಮನೆಯ 22 ಅಡುಗೆಗಳನ್ನು ಬರೆದಿಟ್ಟ ಮೇಲೆ ಕೆಲಸ ಹಗುರಾಯಿತು, ಏಕೆಂದರೆ ಯಾವ ಮನೆಯಲ್ಲೂ ತಿರುಗಿ ತಿರುಗಿ ಮಾಡುವುದು ಅಷ್ಟೇ ಅಡುಗೆಗಳನ್ನು.

ಹೆಲ್ದಿಫೈಮಿ 2012ರಲ್ಲಿ ಬೆಂಗಳೂರಿನಲ್ಲೇ ಶುರುವಾದದ್ದು. ನಮ್ಮ ತಿಂಡಿಗಳ ಹೆಸರು, ಬಟ್ಟಲು–ಚಮಚದ ಅಳತೆ ಅದರಲ್ಲಿ ಸಲೀಸಾಗಿ ಸಿಗುತ್ತವೆ. ಹೋಟೆಲಿನಲ್ಲಿ ತಿಂದ ದಿನ ನಾನು ಅದನ್ನೇ ತೆರೆಯುತ್ತಿದ್ದೆ. ಪ್ಯಾಕೆಟ್ ತಿನಿಸುಗಳಿಗೆ ಫ್ಯಾಟ್‌ಸೀಕ್ರೆಟ್ ಸಾಕಾಯಿತು. ಮೈಫಿಟ್‌ನೆಸ್‌ಪ್ಯಾಲ್‌ನ ಪಟ್ಟಿ ಬಹು ದೊಡ್ಡದು, ಆದರೆ 2022ರಲ್ಲಿ ಬಾರ್‌ಕೋಡ್ ಓದುವ ಸೌಲಭ್ಯವನ್ನು ಹಣ ಕೊಡುವವರಿಗೆ ಮೀಸಲು ಮಾಡಿತು. 2018ರಲ್ಲಿ ಅದರ ಸುಮಾರು 15 ಕೋಟಿ ಖಾತೆಗಳ ಮಾಹಿತಿ ಕಳುವಾಗಿತ್ತು. ಆದ್ದರಿಂದ ಯಾವ ಆ್ಯಪ್‌ಗೇ ಆಗಲಿ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ. ಬ್ಯಾಂಕಿನವಳಾಗಿ ಇದನ್ನು ಒತ್ತಿ ಹೇಳುತ್ತೇನೆ.

ಇಷ್ಟೆಲ್ಲ ಆದರೂ ಮೊದಲ ತಿಂಗಳು ತೂಕ ಇಳಿದದ್ದು 300 ಗ್ರಾಂ ಮಾತ್ರ. ಆ್ಯಪ್ ಪ್ರಕಾರ ಒಂದೂವರೆ ಕಿಲೋ ಇಳಿಯಬೇಕಿತ್ತು. ಅಕ್ಕಿ, ರಾಗಿ, ಬೇಳೆ ಎಲ್ಲ ತೂಗಿದ್ದೇನೆ, ತಪ್ಪಿರುವುದೆಲ್ಲಿ? ಒಂದು ಭಾನುವಾರ ಉಪ್ಪಿಟ್ಟಿಗೆ ಎಣ್ಣೆ ಸುರಿಯುತ್ತಿದ್ದಾಗ ಕೈ ನಿಂತಿತು. ನಾನು ಬರೆದಿದ್ದದ್ದು ‘ಎರಡು ಚಮಚ’. ತಕ್ಕಡಿಯ ಮೇಲೆ ಬಾಣಲೆ ಇಟ್ಟು ಸುರಿದರೆ 60 ಗ್ರಾಂ! ಎಣ್ಣೆಗೆ ಗ್ರಾಮಿಗೆ 9 ಕ್ಯಾಲೊರಿ, ಅಂದರೆ 540. ನಾಲ್ವರ ಉಪ್ಪಿಟ್ಟಿಗೆ 250 ಗ್ರಾಂ ರವೆ, ಒಂದಿಷ್ಟು ಕಾಯಿತುರಿ. ಒಟ್ಟು ಕ್ಯಾಲೊರಿಯಲ್ಲಿ ಮೂರನೇ ಒಂದು ಭಾಗ ಎಣ್ಣೆಯದೇ.

ಪ್ರತಿ ಒಗ್ಗರಣೆಯನ್ನೂ ತೂಗುವುದು ಆಗದ ಮಾತು. ಅಡುಗೆಯಲ್ಲಿ ಅರ್ಧ ಪಾಲು ಅತ್ತೆಯದು. ‘ಸಾರಿನ ಒಗ್ಗರಣೆಗೂ ತಕ್ಕಡಿ ಹಿಡಿಯಬೇಕೇನಮ್ಮ?’ ಎಂದು ಅವರು ಕೇಳಿದ್ದರಲ್ಲಿ ನ್ಯಾಯವಿತ್ತು. ಆಗ ಮಾಡಿದ ಉಪಾಯವಿದು: ಪ್ಯಾಕೆಟ್ ಒಡೆಯುವ ದಿನ ಅದರ ಮೇಲೆ ಮಾರ್ಕರ್‌ನಿಂದ ತಾರೀಕು ಬರೆಯುವುದು. ಮೊದಲ ತಿಂಗಳು ನಾಲ್ವರಿಗೆ 4 ಲೀಟರ್ ಖರ್ಚಾಗಿತ್ತು. ಲೀಟರಿಗೆ ಸುಮಾರು 910 ಗ್ರಾಂ. ಒಬ್ಬೊಬ್ಬರಿಗೆ ದಿನಕ್ಕೆ 30 ಗ್ರಾಂ, 273 ಕ್ಯಾಲೊರಿ. ನಾನು ಆ್ಯಪ್‌ನಲ್ಲಿ ಬರೆಯುತ್ತಿದ್ದದ್ದು ಅದರ ಮೂರನೇ ಒಂದಕ್ಕಿಂತ ಕಡಿಮೆ. ಕಳೆದುಹೋಗಿದ್ದ ಕ್ಯಾಲೊರಿ ಸಿಕ್ಕಿತು. ಅಡುಗೆಗಳ ಬರಹದಿಂದ ಎಣ್ಣೆಯನ್ನೇ ತೆಗೆದುಹಾಕಿ, ದಿನಕ್ಕೊಂದು ಸಾಲಾಗಿ ‘ಮನೆಯ ಎಣ್ಣೆ, 30 ಗ್ರಾಂ’ ಎಂದು ಬರೆಯತೊಡಗಿದೆ.

ಅತ್ತೆಗೆ ಪ್ಯಾಕೆಟ್ಟಿನ ತಾರೀಕು ತೋರಿಸಿದೆ, ಅಷ್ಟೇ. ಲೋಟದಿಂದ ಸುರಿಯುವುದನ್ನು ಬಿಟ್ಟು ಅವರೇ ಒಂದು ಚಮಚ ಡಬ್ಬಿಯಲ್ಲಿ ಹಾಕಿಟ್ಟರು. ಮೂರನೇ ತಿಂಗಳಿಗೆ ಎರಡೂವರೆ ಲೀಟರ್ ಆಯಿತು. ಚಿತ್ರಾನ್ನ ಸ್ವಲ್ಪ ಒಣಗಿದಂತೆ ಇರುತ್ತಿತ್ತು ಎಂಬುದು ನಿಜ. ನಿಂಬೆರಸ ಹೆಚ್ಚು ಹಿಂಡಿಕೊಂಡೆವು.

ತೂಕ ನೋಡುವುದರಲ್ಲಿಯೂ ಒಂದು ಪಾಠ ಕಲಿತೆ. ಉಪ್ಪಿನಕಾಯಿ ಹೆಚ್ಚು ತಿಂದ ಮರುದಿನ, ತಿಂಗಳ ಮುಟ್ಟಿನ ಹಿಂದಿನ ದಿನಗಳಲ್ಲಿ ತೂಕ ಒಂದೊಂದು ಕಿಲೋ ಏರುತ್ತದೆ. ಅದು ನೀರು. ಬೆಳಗಿನ ಏಳು ದಿನಗಳ ತೂಕ ಕೂಡಿಸಿ ಭಾಗಿಸಿದ ಸರಾಸರಿಯನ್ನು ಮಾತ್ರ ಹಿಂದಿನ ವಾರದ ಸರಾಸರಿಯೊಂದಿಗೆ ಹೋಲಿಸುತ್ತಿದ್ದೆ. ಇದರಿಂದ ಆ್ಯಪ್ ಕೊಟ್ಟ ಗುರಿಯನ್ನೂ ಪರೀಕ್ಷಿಸಲು ಬಂತು. ಮೂರನೇ ತಿಂಗಳ 28 ದಿನಗಳಲ್ಲಿ ನನ್ನ ಸರಾಸರಿ ಊಟ 1,480 ಕ್ಯಾಲೊರಿ, ಇಳಿದದ್ದು 1.2 ಕಿಲೋ. ಒಂದು ಕಿಲೋ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಎಂದು ಹಿಡಿದರೆ ದಿನಕ್ಕೆ 330ರ ಕೊರತೆ. ಹಾಗಾದರೆ ನನ್ನ ದೇಹದ ನಿಜವಾದ ಖರ್ಚು ಸುಮಾರು 1,810. ಸೂತ್ರ ಕೊಟ್ಟ ಎರಡು ಅಂಕಿಗಳ ನಡುವೆ, ನನ್ನದೇ ಆದ ಮೂರನೆಯ ಅಂಕಿ. ಆಮೇಲೆ ಯಾವ ಆ್ಯಪ್‌ನ ಗುರಿಯನ್ನೂ ನಾನು ಒಪ್ಪಿಕೊಳ್ಳಲಿಲ್ಲ, ನನ್ನ ಅಂಕಿಯನ್ನೇ ತುಂಬಿದೆ.

ಪ್ರೋಟೀನ್ ವಿಷಯದಲ್ಲಿ ಮಾತ್ರ ಆ್ಯಪ್ ನನ್ನ ಕಣ್ಣು ತೆರೆಸಿತು. ಸೊಪ್ಪು, ಸಾರು, ಮುದ್ದೆ ಉಣ್ಣುವ ನನಗೆ ದಿನಕ್ಕೆ 40 ಗ್ರಾಂ ದಾಟುತ್ತಿರಲಿಲ್ಲ. ಬೆಳಿಗ್ಗೆ ಎರಡು ಮೊಟ್ಟೆ, ಬಸ್ಸಾರಿಗೆ ಹೆಸರುಕಾಳು ಇಮ್ಮಡಿ, ರಾತ್ರಿ ಒಂದು ಲೋಟ ಮಜ್ಜಿಗೆಯ ಬದಲು ಗಟ್ಟಿ ಮೊಸರು ಎಂದು ಬದಲಿಸಿದ ಮೇಲೆ 60ರ ಹತ್ತಿರ ಬಂತು. ಸಂಜೆ ನಾಲ್ಕರ ಹಸಿವು, ಅದರ ಜೊತೆಗೆ ಬರುತ್ತಿದ್ದ ಬಿಸ್ಕತ್ತು, ಎರಡೂ ನಿಂತವು.

ಹತ್ತು ತಿಂಗಳಿಗೆ 66.4 ಕಿಲೋ, ಸೊಂಟ 87, ಎಚ್‌ಬಿಎ1ಸಿ 5.6. ನಮ್ಮ ದೇಶದ ಹೆಂಗಸರಿಗೆ ಸೊಂಟ 80ರೊಳಗಿರಬೇಕು ಎನ್ನುತ್ತಾರೆ, ಇನ್ನೂ ದಾರಿಯಿದೆ.

ಪಿಯುಸಿ ಓದುವ ತಂಗಿಯ ಮಗಳು ಇದನ್ನು ನೋಡಿ, ‘ನನಗೂ ಆ ಆ್ಯಪ್ ಹಾಕಿಕೊಡಿ ದೊಡ್ಡಮ್ಮ’ ಎಂದಳು. ಹಾಕಿಕೊಡಲಿಲ್ಲ. ಅವಳ ತೂಕ ಸರಿಯಾಗಿದೆ, ಬೆಳೆಯುವ ವಯಸ್ಸು. ತಟ್ಟೆಯಲ್ಲಿ ಅಂಕಿ ಕಾಣತೊಡಗಿದರೆ ಆ ಮಗು ಊಟಕ್ಕೇ ಹೆದರಬಹುದು ಎಂಬ ಭಯ ನನಗೆ. ಸಂಜೆ ನನ್ನ ಜೊತೆ ಪಾರ್ಕಿಗೆ ಬಾ ಎಂದೆ, ಬರುತ್ತಿದ್ದಾಳೆ.

ಈಗ ನಾಲ್ಕರಲ್ಲಿ ಮೂರು ಆ್ಯಪ್ ತೆಗೆದುಹಾಕಿದ್ದೇನೆ. ಉಳಿದದ್ದರಲ್ಲಿಯೂ ವಾರಕ್ಕೆ ಎರಡು ದಿನ ಮಾತ್ರ ಬರೆಯುತ್ತೇನೆ. ಎಣ್ಣೆ ಪ್ಯಾಕೆಟ್ಟಿನ ಮೇಲೆ ತಾರೀಕು ಬರೆಯುವ ಕೆಲಸವನ್ನು ಅತ್ತೆ ವಹಿಸಿಕೊಂಡಿದ್ದಾರೆ. ಹೋದ ತಿಂಗಳು 2 ಲೀಟರ್ ಮತ್ತು ಸ್ವಲ್ಪ.